ನೀರಿಗಿಳಿದ ತಾಮ್ರ, ನೆಲಕ್ಕಿಳಿದ ಸಂಸದ

ತನಕಾ ಶೋಜೋ ಹುಟ್ಟಿದ್ದು 1841ರಲ್ಲಿ, ಟೋಕಿಯೋದ ಉತ್ತರಕ್ಕಿರುವ ಈಗಿನ ತೊಚಿಗಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಅಪ್ಪ ಊರಿನ ಮುಖ್ಯಸ್ಥ, ನಮ್ಮ ಕಡೆಯ ಪಟೇಲರ ಹಾಗೆ. ಅದೇ ಹುದ್ದೆಗೆ ಬಂದ ಮಗ ಅಲ್ಲಿನ ಪಾಳೇಗಾರರ ಜೊತೆ ಜಗಳಕ್ಕೆ ನಿಂತು ಜೈಲು ಕಂಡರು. 1890ರಲ್ಲಿ ಜಪಾನಿನ ಮೊದಲ ಸಂಸತ್ ಚುನಾವಣೆಯಲ್ಲಿ ಗೆದ್ದರು.

ಅದೇ ವರ್ಷ ವಾತರಾಸೆ ನದಿ ಉಕ್ಕಿತು. ಪ್ರವಾಹ ಆ ರೈತರಿಗೆ ಹೊಸದಲ್ಲ, ಹಿಂದೆಲ್ಲಾ ಅದು ಗದ್ದೆಗೆ ಗೋಡು ತಂದು ಹಾಕಿ ಹೋಗುತ್ತಿತ್ತು. ಈ ಸಲ ಭತ್ತದ ಪೈರೇ ಸತ್ತಿತು.

ನದಿಯ ಮೇಲ್ಭಾಗದಲ್ಲಿತ್ತು ಆಶಿಯೊ ತಾಮ್ರದ ಗಣಿ. 1877ರಲ್ಲಿ ಅದನ್ನು ಕೊಂಡ ಫುರುಕಾವಾ ಇಚಿಬೇ ದೇಶದಲ್ಲೇ ದೊಡ್ಡ ತಾಮ್ರದ ಗಣಿ ಮಾಡಿದ್ದರು. ಎಂಜಿನಿಯರಿಂಗ್‌ನಲ್ಲಿ ನಾವು ಬಾಯಿಪಾಠ ಮಾಡಿದ ಸಮೀಕರಣವೇ ಅಲ್ಲಿ ನಡೆದಿದ್ದು. ಗಂಧಕ ಬೆರೆತ ಅದಿರಿನ ತ್ಯಾಜ್ಯವನ್ನು ಹೊರಗೆ ರಾಶಿ ಹಾಕಿದರೆ ಗಾಳಿ, ಮಳೆ ಸೇರಿ ಗಂಧಕಾಮ್ಲ ಆಗುತ್ತೆ. ಆಮ್ಲ ಉಳಿದ ತಾಮ್ರವನ್ನು ಕರಗಿಸಿ ಹಳ್ಳಕ್ಕೆ ಇಳಿಸುತ್ತೆ. ಕುಲುಮೆಯ ಹೊಗೆ ಗುಡ್ಡದ ಮರಗಳನ್ನು ಕೊಂದಿತ್ತು, ಗಣಿಗೆ ಬೇಕಾದ ಸೌದೆಗೆ ಇನ್ನಷ್ಟು ಮರ ಹೋಗಿತ್ತು. ಬೋಳು ಗುಡ್ಡ ಮಳೆ ಹಿಡಿಯುತ್ತಾ? ಪ್ರವಾಹ ಹೆಚ್ಚಿತು, ರಾಶಿಯೂ ಜೊತೆಗೆ ಕೊಚ್ಚಿ ಬಂತು. ನೀರಲ್ಲಿ ಬಂದ ತಾಮ್ರ ಜೇಡಿಗೆ ಅಂಟಿಕೊಂಡರೆ ಸುಲಭಕ್ಕೆ ಬಿಡೋದಿಲ್ಲ. ನೀರು ಇಳಿದ ಮೇಲೂ ವಿಷ ಗದ್ದೆಯಲ್ಲೇ ಕೂತಿತು.

1891ರಲ್ಲಿ ತನಕಾ ಸಂಸತ್ತಿನಲ್ಲಿ ಪ್ರಶ್ನೆ ಎತ್ತಿದರು. ಆಗಿನ ಕೃಷಿ-ವಾಣಿಜ್ಯ ಸಚಿವ ಮುತ್ಸು ಮುನೆಮಿತ್ಸು. ಅವರ ಮಗನನ್ನೇ ಫುರುಕಾವಾ ದತ್ತು ತಗೊಂಡಿದ್ದರು! ಕಾರಣ ಇನ್ನೂ ಸ್ಪಷ್ಟವಿಲ್ಲ ಅನ್ನುವುದು ಸರ್ಕಾರದ ಉತ್ತರದ ತಿರುಳು. ಈ ಉತ್ತರಕ್ಕೆ ವಯಸ್ಸೇ ಆಗೋದಿಲ್ಲ ನೋಡಿ.

ತನಕಾ ಮತ್ತೆ ಮತ್ತೆ ಕೇಳಿದರು. 1897ರಲ್ಲಿ ಸರ್ಕಾರ ತಿಳಿಕೊಳ ಕಟ್ಟಿ, ಹೊಗೆ ತೊಳೆಯಿರಿ ಎಂದು ಗಣಿಗೆ ಆದೇಶಿಸಿತು. ಹೊಗೆಯಿಂದ ಗಂಧಕ ತೆಗೆಯುವ ತಂತ್ರ ಅಂದಿಗೆ ಫಲಿಸಲಿಲ್ಲ. 1899ರಲ್ಲಿ ಸಂಸದರ ಭತ್ಯೆ ಏರಿಸಿದಾಗ ತನಕಾ ತಮ್ಮದನ್ನು ಬೇಡವೆಂದರು. 1900ರ ಫೆಬ್ರವರಿಯಲ್ಲಿ ಟೋಕಿಯೋಗೆ ನಡೆದು ಹೊರಟ ರೈತರನ್ನು ಪೊಲೀಸರು ಕವಾಮಾತಾದಲ್ಲಿ ಹೊಡೆದು ಚದುರಿಸಿದರು, ಹಲವರನ್ನು ಬಂಧಿಸಿದರು.

ಮರುವರ್ಷ ತನಕಾ ರಾಜೀನಾಮೆ ಕೊಟ್ಟರು. ಡಿಸೆಂಬರ್ 10ರಂದು ಅರ್ಜಿ ಹಿಡಿದು ಚಕ್ರವರ್ತಿಯ ಸಾರೋಟಿನ ಕಡೆ ಓಡಿದರು. ಕಾವಲಿನವರು ಹಿಡಿದರು. ಮೊಕದ್ದಮೆ ಹೂಡಿದರೆ ವಿಷಯ ಇನ್ನಷ್ಟು ದೊಡ್ಡದಾಗುತ್ತಿತ್ತು, ಹುಚ್ಚ ಅಂತ ಬಿಟ್ಟುಬಿಟ್ಟರು.

ಸರ್ಕಾರದ ಮುಂದಿನ ಉಪಾಯ ಕೇಳಿ. ಗಣಿ ನಿಲ್ಲಿಸಲಿಲ್ಲ. ಪ್ರವಾಹದ ನೀರು ನಿಲ್ಲಲು ಯಾನಾಕಾ ಎಂಬ ಊರನ್ನೇ ಖಾಲಿ ಮಾಡಿಸಿ ಜಲಾಶಯ ಮಾಡುವುದು! ನನ್ನ ದೃಷ್ಟಿಯಲ್ಲಿ ತನಕಾ ದೊಡ್ಡವರಾಗಿದ್ದು ಅರ್ಜಿ ಹಿಡಿದು ಓಡಿದ ದಿನ ಅಲ್ಲ, ಇಲ್ಲಿ. 1904ರಲ್ಲಿ ಅವರು ಯಾನಾಕಾಗೇ ಹೋಗಿ ನೆಲೆಸಿದರು. 1907ರಲ್ಲಿ ಉಳಿದಿದ್ದ 16 ಮನೆಗಳನ್ನೂ ಅಧಿಕಾರಿಗಳು ಕೆಡವಿಸಿದರು. ಜನ ಗುಡಿಸಲು ಹಾಕಿಕೊಂಡು ಅಲ್ಲೇ ಉಳಿದರು, ತನಕಾ ನದಿಗುಂಟ ಊರೂರು ಅಲೆಯುತ್ತಾ ನೀರಿನ ಹರಿವು ಗಮನಿಸಿದರು.

1913ರ ಸೆಪ್ಟೆಂಬರ್ 4ರಂದು ಒಬ್ಬ ರೈತನ ಮನೆಯಲ್ಲಿ ಅವರು ತೀರಿಕೊಂಡರು. ಚೀಲದಲ್ಲಿ ಇದ್ದಿದ್ದು ಬೈಬಲ್ಲಿನ ಹೊಸ ಒಡಂಬಡಿಕೆ, ಸಂವಿಧಾನದ ಪ್ರತಿ, ದಿನಚರಿ, ಕೆಲವು ಬೆಣಚುಕಲ್ಲು.

ಗಣಿ ಮುಚ್ಚಿದ್ದು 1973ರಲ್ಲಿ. ಮರುವರ್ಷ ರೈತರಿಗೆ 155 ಕೋಟಿ ಯೆನ್ ಕೊಡಲು ಕಂಪನಿ ಒಪ್ಪಿತು. 2011ರ ಭೂಕಂಪಕ್ಕೆ ಹಳೇ ತ್ಯಾಜ್ಯದ ರಾಶಿಯೊಂದು ಕುಸಿದು, ನದಿಯಲ್ಲಿ ಸೀಸ ಮಿತಿ ಮೀರಿತು.