ದುಬಾರಿ ಗುಂಡು ಮುಖ್ಯವೋ, ಗುರಿ ಮುಖ್ಯವೋ? ಕೆನೆತ್ ಆಂಡರ್ಸನ್ ಬದುಕಿನ ಲೆಕ್ಕ

ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರಿಗೆಲ್ಲ ಕೆನೆತ್ ಆಂಡರ್ಸನ್ ಗೊತ್ತು. 1910ರಲ್ಲಿ ಹುಟ್ಟಿದ ಇವರು ಬೆಂಗಳೂರಿನವರೇ. ವಿಮಾನ ಕಾರ್ಖಾನೆಯಲ್ಲಿ ನೌಕರಿ, ಬಿಡುವಾದಾಗ ಕಾಡು. ಕನ್ನಡವೂ ಬರ್ತಿತ್ತು.

ಇವರ ನೆಚ್ಚಿನ ಕೋವಿ .405 ವಿಂಚೆಸ್ಟರ್, 1895ರ ಮಾದರಿ. ಕೆಳಗಿನ ಲಿವರ್ ಎಳೆದು ಮುಚ್ಚಿದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಬೇರೆ ಲಿವರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೊಂದು ಕೂರುತ್ತವೆ. ಚೂಪು ಮೂತಿಯ ಗುಂಡು ಹಾಕಿದರೆ ಅದು ಮುಂದಿನ ತೋಟಾದ ತಳಕ್ಕೆ ಕುಟ್ಟಿ ಸಿಡಿಯುವ ಭಯ. ಈ ಮಾದರಿಗೆ ಪೆಟ್ಟಿಗೆ ಮ್ಯಾಗಜೀನ್ ಇದ್ದದ್ದರಿಂದ ಆ ಭಯ ಇರಲಿಲ್ಲ.

ಆದರೂ .405ರ ಗುಂಡು ಮೊಂಡು ಮೂತಿಯದ್ದೇ, ತೂಕ ಸುಮಾರು 19 ಗ್ರಾಂ. ದೂರಕ್ಕೆ ಹೋದಷ್ಟೂ ಬೇಗ ಇಳಿದುಬಿಡುತ್ತೆ. ಮಚಾನಿನ ಮೇಲಿಂದ ಕೆಲವೇ ಗಜ ದೂರದ ಹುಲಿಗೆ ಅಷ್ಟು ಧಾರಾಳ ಸಾಕು. ಅಲ್ಲಿ ದೂರ ಹಾರೋ ದುಬಾರಿ ಗುಂಡಿಗೆ ಸುರಿದ ದುಡ್ಡು ದಂಡ.

ಹಾಗಂತ ಕಳಪೆ ತೋಟಾ ತಂದರೆ? ಅದು ಕೈಕೊಟ್ಟರೆ ಜೀವಕ್ಕೇ ಕುತ್ತು. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯೇ ಎಷ್ಟೋ ಸಲ ನರಭಕ್ಷಕ ಆಗುತ್ತೆ. ಆಂಡರ್ಸನ್ ಉಳಿತಾಯ ಮಾಡದೆ ಖರ್ಚು ಮಾಡಿದ್ದು ತಾಳ್ಮೆಯನ್ನು. ಅರಸೀಕೆರೆ ಕಡೆ ಜನರನ್ನು ಕೊಲ್ಲುತ್ತಿದ್ದ ಕರಡಿಗಾಗಿ ಮತ್ತೆ ಮತ್ತೆ ಬಂದು ಹುಡುಕಿ, ಕೊನೆಗೆ ಹೊಡೆದರು.

ವಯಸ್ಸಾದಂತೆ ಕೋವಿಗಿಂತ ಕ್ಯಾಮೆರಾ ಇಷ್ಟವಾಯ್ತು. 1974ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು.