ರಾಬರ್ಟ್ ಬ್ರೂಸ್ ಫೂಟ್

ವಿಜಯಪುರದಿಂದ ತಿಕೋಟಾದ ಕಡೆಗಾಗಲಿ ಬಬಲೇಶ್ವರದ ಕಡೆಗಾಗಲಿ ಹೊರಟವರಿಗೆ ಕಾಣುವುದು ಎರೆಭೂಮಿ ಮತ್ತು ಅದರಡಿಯ ಕರಿಯ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸವು ಪದರಪದರವಾಗಿ ಹೆಪ್ಪುಗಟ್ಟಿ ಈ ಶಿಲೆಯಾಯಿತು. ದಕ್ಷಿಣಕ್ಕೆ ಮುದ್ದೇಬಿಹಾಳ, ಇಳಕಲ್ಲುಗಳತ್ತ ಸಾಗಿದರೆ ಈ ಕರಿಯ ಹೊದಿಕೆ ಮುಗಿದು, ಅತಿ ಪ್ರಾಚೀನವಾದ ಗ್ರಾನೈಟ್ ತಲೆಯೆತ್ತುತ್ತದೆ. ಈ ನಾಡಿನ ಶಿಲೆಗಳನ್ನು ಕ್ರಮವಾಗಿ ಪರಿಶೀಲಿಸಿದ ಮೊದಲಿಗರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ಅಗ್ರಗಣ್ಯರು.

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ದೊರೆತ ಕಲ್ಲಿನ ಆಯುಧವು ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿಯಾಯಿತು. ಆದರೆ ಅವರ ನಿತ್ಯದ ಕಾಯಕವು ಬೆಟ್ಟ ಹಳ್ಳಗಳನ್ನು ಅಲೆದು ಶಿಲೆಗಳ ನಕ್ಷೆ ಬರೆಯುವುದೇ ಆಗಿತ್ತು. ಬೆಳಗಾವಿ, ಕಲಾದಗಿ, ಧಾರವಾಡ ಪ್ರದೇಶಗಳಲ್ಲಿ ಅವರು ನಡೆಸಿದ ಪರಿಶೀಲನೆಯ ಫಲವು 1876ರಲ್ಲಿ ಗ್ರಂಥವಾಗಿ ಪ್ರಕಟವಾಯಿತು.

ಗದಗಿನ ಸಮೀಪದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದರು. ಆ ಚಿನ್ನ ಎಲ್ಲಿಂದ ಬಂದಿತು? ಫೂಟ್ ಅವರು ಆ ಗುಡ್ಡಗಳ ಬೆಣಚುಕಲ್ಲಿನ ಸಿರಗಳನ್ನೂ ಸುತ್ತಲಿನ ಶಿಲೆಗಳನ್ನೂ ಪರೀಕ್ಷಿಸಿ, 1874ರಲ್ಲಿ ವರದಿಯನ್ನು ಪ್ರಕಟಿಸಿದರು. ಮುಂದೆ ಇಂಥ ಶಿಲೆಗಳ ಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟು, ದಕ್ಷಿಣ ಭಾರತದ ಚಿನ್ನಕ್ಕೆ ಇವೇ ಮುಖ್ಯ ನೆಲೆಯೆಂದು ತೋರಿಸಿದರು.

ಲೋಹಕ್ಕೂ ಗ್ರಾನೈಟಿಗೂ ಏನು ನಂಟು? ಕರಗಿದ ಶಿಲಾರಸವು ಮೇಲಿನ ಶಿಲೆಗಳೊಳಕ್ಕೆ ನುಗ್ಗಿ, ಹೊರಗೆ ಬಾರದೆ, ಆಳದಲ್ಲಿಯೇ ಮೆಲ್ಲಮೆಲ್ಲನೆ ಆರಿದಾಗ ಗ್ರಾನೈಟ್ ಆಗುತ್ತದೆ. ಹರಳುಗಳು ಕಟ್ಟುತ್ತ ಹೋದಂತೆ, ಅವುಗಳಲ್ಲಿ ಎಡೆ ದೊರೆಯದ ನೀರು, ಗಂಧಕ ಹಾಗೂ ಕೆಲವು ಲೋಹಗಳು ಉಳಿದ ರಸದಲ್ಲಿ ಸಂಗ್ರಹವಾಗುತ್ತವೆ. ಕಡೆಗೆ ಆ ಬಿಸಿನೀರು ಬಿರುಕುಗಳಲ್ಲಿ ಮೇಲೇರಿ ತಣಿಯುವಾಗ, ಬೆಣಚುಕಲ್ಲಿನೊಡನೆ ಲೋಹವನ್ನೂ ಅಲ್ಲಿಯೇ ಬಿಟ್ಟುಹೋಗುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರದ ಅದಿರು ಹೀಗೆ ಆದದ್ದು. ನಮ್ಮ ಚಿನ್ನದ ಕಥೆ ಇಷ್ಟು ಸರಳವಲ್ಲ. ಆಳದಲ್ಲಿ ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಾರ್ಪಟ್ಟ ಶಿಲೆಗಳಿಂದ ಹೊರಟ ನೀರೇ ಅದನ್ನು ಹೊತ್ತು ತಂದಿತೆಂದು ಹಲವರು ತಿಳಿಯುತ್ತಾರೆ. ಗ್ರಾನೈಟಿನ ಪಾಲು ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಗ್ರಾನೈಟಿನ ವಯಸ್ಸಿನ ಬಗೆಗೂ ವಾದಗಳು ನಡೆದವು. ಧಾರವಾಡ ಶಿಲೆಗಳಿಗೆ ಗ್ರಾನೈಟ್ ಜಾತಿಯ ಶಿಲೆಯೇ ತಳಹದಿಯೆಂದು ಫೂಟ್ ಅವರು ನಂಬಿದ್ದರು. ಅನಂತರ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಅವರು, ಗ್ರಾನೈಟೇ ಧಾರವಾಡ ಶಿಲೆಗಳನ್ನು ಭೇದಿಸಿಕೊಂಡು ನುಗ್ಗಿತೆಂದು ವಾದಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು. ತಳಹದಿಯಾದ ಹಳೆಯ ಶಿಲೆಯೂ ಉಂಟು. ಸುಮಾರು 250 ಕೋಟಿ ವರ್ಷಗಳ ಹಿಂದೆ ನುಗ್ಗಿದ, ರಾಮನಗರದ ಬೆಟ್ಟಗಳಲ್ಲಿ ಕಾಣುವ ಗ್ರಾನೈಟೂ ಉಂಟು.

1891ರಲ್ಲಿ ನಿವೃತ್ತರಾದ ಮೇಲೂ ಫೂಟ್ ಅವರು ವಿಶ್ರಮಿಸಲಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಹೊಣೆ ಹೊತ್ತರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು.

ನೆಲದಡಿಯಲ್ಲಿ ಹುದುಗಿದ್ದನ್ನು ನೆಲದ ಮೇಲಿನ ಕುರುಹುಗಳಿಂದ ಅರಿಯುವುದೇ ಅವರ ವಿದ್ಯೆಯಾಗಿತ್ತು. ಅವರ ಎಲ್ಲ ಊಹೆಗಳೂ ಉಳಿಯಲಿಲ್ಲ. ಆದರೆ ಕಂಡದ್ದನ್ನು ಕಂಡಂತೆಯೇ ದಾಖಲಿಸಿದ್ದರಿಂದ, ಅವುಗಳನ್ನು ತಿದ್ದಿದವರಿಗೂ ಅವರ ನಕ್ಷೆಗಳೇ ಆಧಾರವಾದವು.