ನೆಲದೊಳಗಿನ ನಿಧಿಗೆ ಲೆಕ್ಕ ಬರೆದ ವಿಜ್ಞಾನಿ ಎಂ. ಕಿಂಗ್ ಹಬ್ಬರ್ಟ್

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಸಾಧುಸಂತರ ಹಾಗೂ ದೇಶಭಕ್ತರ ಹೆಸರುಗಳೇ ಮೊದಲು ನೆನಪಿಗೆ ಬಂದವು. ಅವರ ಚರಿತ್ರೆಯನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ನಮ್ಮ ಜತ್ತ ತಾಲೂಕಿನ ರೈತನು ಪ್ರತಿ ಬೇಸಿಗೆಯಲ್ಲಿಯೂ ಬಾವಿಯ ದಂಡೆಯ ಮೇಲೆ ನಿಂತು ತನ್ನನ್ನು ತಾನೇ ಕೇಳಿಕೊಳ್ಳುವ ಪ್ರಶ್ನೆಯೊಂದುಂಟು. ನೆಲದೊಳಗೆ ಇನ್ನೆಷ್ಟು ಉಳಿದಿದೆ ಎಂಬುದೇ ಆ ಪ್ರಶ್ನೆ. ಇದನ್ನೇ ಖನಿಜ ತೈಲದ ವಿಷಯದಲ್ಲಿ ಕೇಳಿ, ಉತ್ತರವನ್ನು ಗಣಿತದಿಂದ ಹುಡುಕಿ, ಅಪ್ರಿಯವಾದ ಆ ಉತ್ತರವನ್ನು ತುಂಬಿದ ಸಭೆಯಲ್ಲಿ ಹೇಳಿದ ಭೂವಿಜ್ಞಾನಿಯ ಚರಿತ್ರೆಯನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೇರಿಯನ್ ಕಿಂಗ್ ಹಬ್ಬರ್ಟ್ ಅವರು 1903ನೆಯ ಇಸವಿ ಅಕ್ಟೋಬರ್ 5ರಂದು ಅಮೇರಿಕೆಯ ಟೆಕ್ಸಾಸ್ ರಾಜ್ಯದ ಸ್ಯಾನ್ ಸಾಬಾ ಎಂಬಲ್ಲಿ ಜನಿಸಿದರು. ಹಳ್ಳಿಗಾಡಿನಲ್ಲಿ ಬೆಳೆದ ಈ ಬಾಲಕನು ಮುಂದೆ ಕೆಲಸ ಮಾಡಿಕೊಂಡೇ ಓದಿ ಶಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ಭೂವಿಜ್ಞಾನ, ಭೌತವಿಜ್ಞಾನ ಮತ್ತು ಗಣಿತಗಳನ್ನು ಜೊತೆಜೊತೆಯಾಗಿ ಅಭ್ಯಾಸ ಮಾಡಿ, 1926ರಲ್ಲಿ ಪದವಿಯನ್ನೂ 1937ರಲ್ಲಿ ಡಾಕ್ಟರೇಟನ್ನೂ ಪಡೆದರು. ಕಲ್ಲು ಮಣ್ಣುಗಳ ವಿದ್ಯೆಗೆ ಗಣಿತದ ಶಿಸ್ತು ಬೇಕೆಂಬುದು ಅವರ ಜೀವಿತದ ನಿಷ್ಠೆಯಾಗಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, 1943ರಲ್ಲಿ ಶೆಲ್ ತೈಲ ಕಂಪನಿಯನ್ನು ಸೇರಿದರು.

ತೈಲದ ಬಾವಿಯ ಉತ್ಪಾದನೆ ದಿನೇ ದಿನೇ ಇಳಿಯುವುದು ಸಹಜ. ಅದು ಇನ್ನೆಷ್ಟು ವರ್ಷ ನಡೆದೀತೆಂದು ತಿಳಿಯಲು ಇಂಜಿನಿಯರರು ಹಿಂದಿನ ವರ್ಷಗಳ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ, ಅವುಗಳನ್ನು ಕೂಡಿಸುವ ಗೆರೆಯನ್ನು ಮುಂದಕ್ಕೆ ಎಳೆಯುತ್ತಾರೆ. ಇದು ನೋಡಲು ಸುಲಭ, ಆದರೆ ಎಡವುವುದೂ ಅಷ್ಟೇ ಸುಲಭ. 100 ಪಾಲು ಕೊಡುತ್ತಿದ್ದ ಬಾವಿಯು ಮರುವರ್ಷ 90 ಪಾಲು ಕೊಟ್ಟಿತೆನ್ನೋಣ. ಪ್ರತಿ ವರ್ಷ 10 ಪಾಲು ಕಡಿಮೆಯಾಗುವುದೆಂದು ಸರಳರೇಖೆ ಎಳೆದರೆ ಹತ್ತು ವರ್ಷಕ್ಕೆ ಬಾವಿ ಬರಿದು. ಪ್ರತಿ ವರ್ಷ ಉಳಿದುದರಲ್ಲಿ ನೂರಕ್ಕೆ 10ರಂತೆ ಇಳಿಯುವುದೆಂದು ಹಿಡಿದರೆ ಹತ್ತು ವರ್ಷಗಳ ಬಳಿಕವೂ ಸುಮಾರು 35 ಪಾಲು ಬರುತ್ತಿರುತ್ತದೆ. ಮೊದಲೆರಡು ಅಂಕಿಗಳು ಒಂದೇ, ಭವಿಷ್ಯ ಮಾತ್ರ ಬೇರೆ ಬೇರೆ. ಇಂತಹ ಇಳಿಕೆಗಳ ಬಗೆಗಳನ್ನು ಜೆ. ಜೆ. ಆರ್ಪ್ಸ್ ಎಂಬ ತಜ್ಞರು 1945ರಲ್ಲಿ ವರ್ಗೀಕರಿಸಿ ತೋರಿಸಿದರು. ಹಬ್ಬರ್ಟ್ ಅವರು ಒಂದು ಬಾವಿಯನ್ನು ಬಿಟ್ಟು ಇಡೀ ದೇಶದ ಲೆಕ್ಕಕ್ಕೆ ಕೈಹಾಕಿದರು.

1956ರ ಮಾರ್ಚ್ 8ರಂದು ಸ್ಯಾನ್ ಆಂಟೋನಿಯೋ ನಗರದಲ್ಲಿ ತೈಲೋದ್ಯಮಿಗಳ ಸಭೆ. ಅಮೇರಿಕೆಯ ನೆಲದಿಂದ ಒಟ್ಟಾರೆ ದೊರೆಯಬಹುದಾದ ತೈಲವು 15,000 ಕೋಟಿ ಬ್ಯಾರೆಲ್ ಆದರೆ ಉತ್ಪಾದನೆಯ ಶಿಖರವು 1965ರ ಸುಮಾರಿಗೂ, 20,000 ಕೋಟಿ ಬ್ಯಾರೆಲ್ ಆದರೆ 1970ರ ಸುಮಾರಿಗೂ ಬರುವುದು, ಅಲ್ಲಿಂದ ಮುಂದೆ ಇಳಿಜಾರೇ ಎಂದು ಅವರು ಸಾರಿದರು. ಭಾಷಣಕ್ಕೆ ಕೆಲವೇ ನಿಮಿಷಗಳ ಮೊದಲು ಕಂಪನಿಯ ಮುಖ್ಯ ಕಚೇರಿಯಿಂದ ದೂರವಾಣಿ ಬಂದು, ಮಾತನ್ನು ಸೌಮ್ಯಗೊಳಿಸಲು ಒತ್ತಾಯಿಸಿದ ಸಂಗತಿಯನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅವರು ಮಾತು ಬದಲಿಸಲಿಲ್ಲ. ಸರಕಾರದ ಭೂವಿಜ್ಞಾನ ಸಮೀಕ್ಷಾ ಇಲಾಖೆಯಲ್ಲಿ ಒಟ್ಟು ತೈಲವನ್ನು 59,000 ಕೋಟಿ ಬ್ಯಾರೆಲ್‌ವರೆಗೂ ಅಂದಾಜು ಮಾಡಿದವರಿದ್ದರು. ಅನೇಕರು ಹಬ್ಬರ್ಟ್ ಅವರನ್ನು ಅಶುಭ ನುಡಿಯುವವರೆಂದು ಹಾಸ್ಯ ಮಾಡಿದರು. ಆದರೆ 1970ರಲ್ಲಿ ಅಮೇರಿಕೆಯ ಉತ್ಪಾದನೆ ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲ್ ಮುಟ್ಟಿ, ಅಲ್ಲಿಂದ ಇಳಿಯತೊಡಗಿತು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ ಜಗತ್ತೇ ಅವರ ಕಡೆಗೆ ತಿರುಗಿ ನೋಡಿತು.

1982ರಲ್ಲಿ ಅವರು ತಮ್ಮ ವಿಧಾನವನ್ನು ಒಂದು ಸರಳರೇಖೆಗೆ ಇಳಿಸಿ ಪ್ರಕಟಿಸಿದರು. ನಮ್ಮ ಹಿರಿಯರ ಹಗೇವನ್ನು ನೆನೆದರೆ ಇದು ಮನದಟ್ಟಾದೀತು. ಒಳಗೆ ಎಷ್ಟು ಜೋಳವಿದೆಯೆಂದು ಕಾಣದು, ಹೊರಬಂದ ಚೀಲಗಳನ್ನು ಮಾತ್ರ ಎಣಿಸಬಹುದು. ಈ ವರ್ಷ ತೆಗೆದುದನ್ನು ಇದುವರೆಗೆ ತೆಗೆದ ಒಟ್ಟು ಮೊತ್ತದಿಂದ ಭಾಗಿಸಬೇಕು. ಒಟ್ಟು ಮೊತ್ತ 100 ಚೀಲವಾದಾಗ ಈ ಪ್ರಮಾಣ ನೂರಕ್ಕೆ 6, ಒಟ್ಟು ಮೊತ್ತ 200 ಆದಾಗ ನೂರಕ್ಕೆ 4 ಇತ್ತೆನ್ನೋಣ. ರೇಖೆಯನ್ನು ಹಾಗೆಯೇ ಮುಂದುವರಿಸಿದರೆ 400ರಲ್ಲಿ ಅದು ಸೊನ್ನೆಯನ್ನು ಮುಟ್ಟುತ್ತದೆ. ಹಗೇವಿನಿಂದ ಒಟ್ಟು ದೊರೆಯುವುದು 400 ಚೀಲ, ಅದರ ಅರ್ಧ ಮುಗಿದಾಗಲೇ ಉತ್ಪಾದನೆಯ ಶಿಖರ. ಹತ್ತನೆಯ ಇಯತ್ತೆಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವಿದು!

ಹಾಗಾದರೆ ಅವರ ನುಡಿಯೆಲ್ಲವೂ ನಿಜವಾಯಿತೆ? ಇಲ್ಲ. ಜಗತ್ತಿನ ತೈಲೋತ್ಪಾದನೆಯ ಶಿಖರವು 2000ದ ಸುಮಾರಿಗೆ ಬರುವುದೆಂದು 1956ರಲ್ಲಿ ಅವರು ಅಂದಾಜಿಸಿದ್ದರು, ಅದು ಬರಲಿಲ್ಲ. ಅಮೇರಿಕೆಯ ನೈಸರ್ಗಿಕ ಅನಿಲವನ್ನೂ ಅವರು ಕಡಿಮೆಯಾಗಿ ಎಣಿಸಿದ್ದರು. ಅಮೇರಿಕೆಯ ತೈಲವು 2008ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್‌ಗೆ ಇಳಿದು, ಅನಂತರ ಮತ್ತೆ ಏರಿ, 2018ರಲ್ಲಿ 1970ರ ದಾಖಲೆಯನ್ನು ಮೀರಿತು. ಗಟ್ಟಿ ಶೇಲ್ ಪದರಗಳನ್ನು ನೀರಿನ ಭಾರಿ ಒತ್ತಡದಿಂದ ಸೀಳಿ ತೈಲ ತೆಗೆಯುವ ವಿದ್ಯೆ ಅಷ್ಟರಲ್ಲಿ ಬೆಳೆದಿತ್ತು. ಸೋಜಿಗವೆಂದರೆ, ನೀರಿನ ಒತ್ತಡಕ್ಕೆ ಬಂಡೆ ಯಾವ ದಿಕ್ಕಿನಲ್ಲಿ ಸೀಳುತ್ತದೆ ಎಂಬುದನ್ನು 1957ರಲ್ಲಿ ಡೇವಿಡ್ ವಿಲ್ಲಿಸ್ ಅವರೊಡನೆ ಶಾಸ್ತ್ರೀಯವಾಗಿ ವಿವರಿಸಿದವರು ಇದೇ ಹಬ್ಬರ್ಟ್! ಅವರು ಎಳೆದ ರೇಖೆಯನ್ನು ಮುರಿದ ವಿದ್ಯೆಗೆ ಅವರದೇ ಸಂಶೋಧನೆಯೂ ಆಧಾರವಾಯಿತು.

ಇದರಿಂದ ಅವರ ಹಿರಿಮೆ ಕುಂದದು. ರೇಖೆಯು ಹೇಳುವುದು ಒಂದೇ ಮಾತು: ಈಗಿನ ಸ್ಥಿತಿ ಹೀಗೆಯೇ ಮುಂದುವರಿದರೆ ಇಂತಹ ದಿನ ಬರುತ್ತದೆ. ಸ್ಥಿತಿ ಬದಲಾದರೆ ರೇಖೆಯೂ ಬದಲಾಗಬೇಕು. ಆದರೆ ರೇಖೆಯನ್ನೇ ಎಳೆಯದವನಿಗೆ ಸ್ಥಿತಿಯನ್ನು ಬದಲಿಸಬೇಕೆಂಬ ಎಚ್ಚರವಾದರೂ ಎಲ್ಲಿಂದ ಬಂದೀತು? ನಮ್ಮ ಮುಂಬಯಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರದಲ್ಲಿ 1974ರಲ್ಲಿ ದೊರೆತ ಬಾಂಬೆ ಹೈ ತೈಲಕ್ಷೇತ್ರವೂ 1980ರ ದಶಕದಲ್ಲಿ ಶಿಖರ ಮುಟ್ಟಿ, ಅನಂತರ ಇಳಿದಿದೆ.

ಹಬ್ಬರ್ಟ್ ಅವರು 1964ರಲ್ಲಿ ಶೆಲ್‌ನಿಂದ ನಿವೃತ್ತರಾಗಿ, ತಮ್ಮ ಲೆಕ್ಕವನ್ನು ಒಪ್ಪದವರಿದ್ದ ಅದೇ ಸಮೀಕ್ಷಾ ಇಲಾಖೆಯಲ್ಲಿ 1976ರವರೆಗೆ ಸೇವೆ ಸಲ್ಲಿಸಿದರು. 1981ರಲ್ಲಿ ಭೂವಿಜ್ಞಾನದ ಶ್ರೇಷ್ಠ ಗೌರವವಾದ ವೆಟ್ಲೆಸನ್ ಪ್ರಶಸ್ತಿ ಅವರನ್ನರಸಿ ಬಂತು. 1989ರ ಅಕ್ಟೋಬರ್ 11ರಂದು, 86ನೆಯ ವಯಸ್ಸಿನಲ್ಲಿ ಅವರು ಕಾಲವಶರಾದರು.

ಕೊನೆಯಲ್ಲಿ ಒಂದು ಮಾತು. ತೈಲದ ಲೆಕ್ಕಕ್ಕಿಂತ ಮೊದಲೇ, 1940ರಲ್ಲಿ, ಹಬ್ಬರ್ಟ್ ಅವರಿಗೆ ಕೀರ್ತಿ ತಂದ ಪ್ರಬಂಧ ಅಂತರ್ಜಲದ ಚಲನೆಯನ್ನು ಕುರಿತದ್ದು. ನೆಲದಡಿಯ ನೀರು ಬರಿಯ ಒತ್ತಡದಿಂದಲ್ಲ, ಎತ್ತರವೂ ಸೇರಿದ ಶಕ್ತಿಯ ಅಂತರದಿಂದ ಹರಿಯುವುದೆಂದು ಅವರು ಅದರಲ್ಲಿ ತೋರಿಸಿದರು. ತೈಲ ಒಮ್ಮೆ ತೆಗೆದರೆ ನಮ್ಮ ಕಾಲದಲ್ಲಿ ಮತ್ತೆ ತುಂಬದು. ನೀರಿಗೆ ಮಾತ್ರ ಮಳೆರಾಯನ ಕೃಪೆಯುಂಟು, ಬದು ಕಟ್ಟಿ ಮಳೆ ನೀರನ್ನು ಇಂಗಿಸುವ ದಾರಿಯುಂಟು. ಆದರೂ ನಾವು ಕೊಳವೆ ಬಾವಿಯನ್ನು ಆಳಕ್ಕೆ ಇಳಿಸುತ್ತ ಹೋದೆವೇ ಹೊರತು ಲೆಕ್ಕ ಬರೆದಿಡಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಬಾವಿಗೆ ವರ್ಷಕ್ಕೊಮ್ಮೆ, ಮಿರಗದ ಮಳೆಗೆ ಮುಂಚೆ, ಹಗ್ಗ ಇಳಿಬಿಟ್ಟು ನೀರಿನ ಆಳವನ್ನು ಅಳೆದು ಗೋಡೆಯ ಮೇಲೆ ಗುರುತು ಮಾಡಲಿ. ಐದಾರು ವರ್ಷಗಳ ಗುರುತುಗಳು ಸೇರಿದರೆ ಒಂದು ರೇಖೆ ತಾನಾಗಿಯೇ ಮೂಡುತ್ತದೆ. ಅದು ಕೆಳಮುಖವಾಗಿದ್ದರೆ ಅದನ್ನು ಮೇಲಕ್ಕೆ ತಿರುಗಿಸುವ ಹೊಣೆ ನಮ್ಮೆಲ್ಲರದು.